ದೇಹದೊಳಗಿನ ಹರಿವು: ರಕ್ತನಾಳಗಳು ಮತ್ತು ರಕ್ತಪರಿಚಲನೆ

(ಮುಂಬಯಿಯ ಆಂಟಾಪ್ ಹಿಲ್ ಕೇಂದ್ರ ಸರ್ಕಾರಿ ನೌಕರರ ವಸತಿಗೃಹಗಳ ಕನ್ನಡ ನಿವಾಸಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ನಾನು ವೈದ್ಯನಲ್ಲ. ಆರೋಗ್ಯವೂ ಸೇರಿದಂತೆ ಹಲವು ವಿಷಯಗಳ ಸರ್ಕಾರಿ ಪ್ರಕಟಣೆಗಳನ್ನು ಕನ್ನಡಕ್ಕೆ ತರುವುದು ನನ್ನ ಉದ್ಯೋಗ. ಈ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ತೊಡಕಿನಿಂದಲೇ ಇಂದಿನ ಮಾತನ್ನು ಪ್ರಾರಂಭಿಸುತ್ತೇನೆ. ನಮ್ಮ ಆಡುಮಾತಿನಲ್ಲಿ 'ನರ' ಎಂಬ ಒಂದೇ ಪದವಿದೆ. ಕೈಯ ಮೇಲೆ ಹಸಿರಾಗಿ ಕಾಣುವುದೂ ನರ. ಕಾಲು ಜೋಮು ಹಿಡಿದಾಗ ನಾವು ದೂರುವುದೂ ನರ. ಕತ್ತು ಉಳುಕಿದಾಗ ಬಿಗಿಯುವುದೂ ನರ. ಆದರೆ ಇವು ಬೇರೆ ಬೇರೆ ವಸ್ತುಗಳು. ಸಂವೇದನೆಗಳನ್ನೂ ಆಜ್ಞೆಗಳನ್ನೂ ಒಯ್ಯುವುದು ನರ. ರಕ್ತವನ್ನು ಒಯ್ಯುವುದು ರಕ್ತನಾಳ. ರಕ್ತನಾಳಗಳಲ್ಲಿಯೂ ಮೂರು ಬಗೆ. ಹೃದಯದಿಂದ ಹೊರಕ್ಕೆ ಒಯ್ಯುವುದು ಅಪಧಮನಿ, ಹೃದಯಕ್ಕೆ ಮರಳಿ ತರುವುದು ಅಭಿಧಮನಿ, ಇವೆರಡರ ನಡುವೆ ಹಬ್ಬಿರುವ ಅತಿ ಸೂಕ್ಷ್ಮವಾದ ಜಾಲವೇ ಲೋಮನಾಳ. ಈ ಮೂರು ಹೆಸರುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

'ಧಮನಿ' ಎಂಬ ಸಂಸ್ಕೃತ ಪದದ ಮೂಲದಲ್ಲಿ 'ಊದು' ಎಂಬ ಅರ್ಥವಿದೆ. ಪ್ರಾಚೀನ ಗ್ರೀಕರೂ ಅಪಧಮನಿಗಳಲ್ಲಿ ಗಾಳಿ ಸಂಚರಿಸುತ್ತದೆ ಎಂದು ಬಹುಕಾಲ ನಂಬಿದ್ದರು. ಆ ನಂಬಿಕೆಗೆ ಕಾರಣವಿಲ್ಲದಿಲ್ಲ. ಮರಣಾನಂತರ ಅಪಧಮನಿಗಳ ಗೋಡೆಗಳು ಸಂಕುಚಿಸಿ ತಮ್ಮಲ್ಲಿದ್ದ ರಕ್ತವನ್ನು ಅಭಿಧಮನಿಗಳ ಕಡೆಗೆ ತಳ್ಳಿಬಿಡುತ್ತವೆ. ಶವವನ್ನು ಕೊಯ್ದು ನೋಡಿದವರಿಗೆ ಅವು ಬರಿದಾಗಿ ಕಾಣುತ್ತಿದ್ದವು. ಜೀವಂತ ದೇಹದ ಅಪಧಮನಿಗಳಲ್ಲಿ ಇರುವುದು ರಕ್ತವೇ ಎಂಬುದನ್ನು ಕ್ರಿ.ಶ. 2ನೆಯ ಶತಮಾನದಲ್ಲಿ ಗೇಲನ್ ತೋರಿಸಿಕೊಟ್ಟನು. ಆದರೆ ಆಹಾರದಿಂದ ಯಕೃತ್ತಿನಲ್ಲಿ ಸದಾ ಹೊಸ ರಕ್ತ ಹುಟ್ಟುತ್ತದೆ, ಅಂಗಾಂಗಗಳು ಅದನ್ನು ಹೀರಿ ಮುಗಿಸುತ್ತವೆ ಎಂಬ ಅವನ ಮತ್ತೊಂದು ಅಭಿಪ್ರಾಯ ಸುಮಾರು ಸಾವಿರದ ನಾನೂರು ವರ್ಷ ಪ್ರಶ್ನಾತೀತವಾಗಿ ಉಳಿಯಿತು.

ಲೆಕ್ಕವೊಂದು ತೆರೆದ ಬಾಗಿಲು

ಈ ಅಭಿಪ್ರಾಯವನ್ನು ಕೆಡವಿದ್ದು ಒಂದು ಸರಳವಾದ ಗುಣಾಕಾರ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತವನ್ನು ಹೊರದೂಡುತ್ತದೆ ಎಂದು ಅಂದಾಜು ಮಾಡಿ, ಬಡಿತಗಳ ಸಂಖ್ಯೆಯಿಂದ ಗುಣಿಸಿದನು. ಇಂದಿನ ಅಂಕಿಗಳಿಂದ ನಾವೂ ಆ ಲೆಕ್ಕವನ್ನು ಮಾಡಬಹುದು. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರದೂಡುತ್ತದೆ. ನಿಮಿಷಕ್ಕೆ 72 ಬಡಿತಗಳೆಂದರೆ 5 ಲೀಟರ್. ಗಂಟೆಗೆ 300 ಲೀಟರ್. ದಿನಕ್ಕೆ 7,000 ಲೀಟರಿಗೂ ಮಿಗಿಲು. ನಮ್ಮ ಬಡಾವಣೆಗಳಿಗೆ ನೀರಿನ ಅಭಾವದ ದಿನಗಳಲ್ಲಿ ಬರುವ 10,000 ಲೀಟರಿನ ಟ್ಯಾಂಕರಿನ ಮುಕ್ಕಾಲು ಭಾಗಕ್ಕೆ ಇದು ಹತ್ತಿರ. ಇಷ್ಟು ರಕ್ತವನ್ನು ಪ್ರತಿದಿನ ಹೊಸದಾಗಿ ಉತ್ಪಾದಿಸಲು ಯಾವ ಊಟ ಸಾಕಾದೀತು? ದೇಹದಲ್ಲಿರುವ ಒಟ್ಟು ರಕ್ತವೇ ಸುಮಾರು 5 ಲೀಟರ್. ಆದ್ದರಿಂದ ಅದೇ ರಕ್ತ ಮತ್ತೆ ಮತ್ತೆ ಸುತ್ತುತ್ತಿರಬೇಕು. ಹಾರ್ವೆಯ ತೀರ್ಮಾನ ಇದೇ. ವಿಶ್ರಾಂತಿಯಲ್ಲಿರುವಾಗ ಒಂದು ಸುತ್ತಿಗೆ ಹಿಡಿಯುವ ಕಾಲ ಸರಿಸುಮಾರು ಒಂದು ನಿಮಿಷ.

ಹಾರ್ವೆ ತೋರಿಸಿದ ಇನ್ನೊಂದು ಪ್ರಯೋಗವನ್ನು ತಾವು ಇಲ್ಲಿಯೇ ಮಾಡಿ ನೋಡಬಹುದು. ಕೈಯನ್ನು ಸ್ವಲ್ಪ ಹೊತ್ತು ಇಳಿಬಿಡಿ. ಮುಂಗೈಯ ಮೇಲೆ ಉಬ್ಬಿ ಕಾಣುವ ಒಂದು ಅಭಿಧಮನಿಯನ್ನು ಒಂದು ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈಯ ದಿಕ್ಕಿಗೆ ರಕ್ತವನ್ನು ನೀವಿ ತಳ್ಳಿರಿ. ಆ ನಾಳ ಚಪ್ಪಟೆಯಾಗಿಯೇ ಉಳಿಯುತ್ತದೆ. ಮೇಲಿನಿಂದ ರಕ್ತ ಹಿಂದಿರುಗಿ ಬರುವುದಿಲ್ಲ. ಮೊದಲ ಬೆರಳನ್ನು ಎತ್ತಿದ ಕೂಡಲೆ ಕೆಳಗಿನಿಂದ ತುಂಬಿಕೊಳ್ಳುತ್ತದೆ. ಅಭಿಧಮನಿಗಳ ಒಳಗೆ ಒಂದೇ ಕಡೆಗೆ ತೆರೆಯುವ ಕವಾಟಗಳಿವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಹಾರ್ವೆಗೆ ಸಿಕ್ಕದೆ ಉಳಿದದ್ದು ಒಂದು ಕೊಂಡಿ. ಅಪಧಮನಿಯ ರಕ್ತ ಅಭಿಧಮನಿಯನ್ನು ಸೇರುವುದು ಯಾವ ದಾರಿಯಿಂದ? ಸೂಕ್ಷ್ಮದರ್ಶಕದ ನೆರವಿನಿಂದ ಇಟಲಿಯ ಮಾರ್ಚೆಲ್ಲೊ ಮಾಲ್ಪಿಗಿ 1661ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಕಂಡಾಗ ಆ ವೃತ್ತ ಪೂರ್ಣಗೊಂಡಿತು. ರಕ್ತ ಹೃದಯದ ಬಲಭಾಗದಿಂದ ಶ್ವಾಸಕೋಶದ ಮೂಲಕವೇ ಎಡಭಾಗಕ್ಕೆ ಬರುತ್ತದೆ ಎಂಬುದನ್ನು ಅರಬ್ ವೈದ್ಯ ಇಬ್ನ್ ಅಲ್-ನಫೀಸ್ 13ನೆಯ ಶತಮಾನದಲ್ಲಿಯೇ ಬರೆದಿದ್ದನು ಎಂಬುದನ್ನೂ ಇಲ್ಲಿ ಸ್ಮರಿಸಬೇಕು.

ಎರಡು ಪಂಪುಗಳು, ಎರಡು ಸುತ್ತುಗಳು

ಹೃದಯ ಮುಷ್ಟಿಯ ಗಾತ್ರದ, ಸುಮಾರು 300 ಗ್ರಾಂ ತೂಕದ ಸ್ನಾಯು. ಅದು ಒಂದೇ ಅಂಗವಾದರೂ ಅದರಲ್ಲಿ ಅಕ್ಕಪಕ್ಕ ಜೋಡಿಸಿದ ಎರಡು ಪಂಪುಗಳಿವೆ. ಪ್ರತಿ ಪಂಪಿನಲ್ಲಿಯೂ ರಕ್ತವನ್ನು ಸ್ವೀಕರಿಸುವ ಹೃತ್ಕರ್ಣ ಮೇಲೆ, ಹೊರದೂಡುವ ಹೃತ್ಕುಕ್ಷಿ ಕೆಳಗೆ. ದೇಹವನ್ನು ಸುತ್ತಿ ಬಂದು ಆಮ್ಲಜನಕ ಕಡಮೆಯಾದ ರಕ್ತವನ್ನು ಬಲ ಪಂಪು ಶ್ವಾಸಕೋಶಗಳಿಗೆ ಕಳುಹಿಸುತ್ತದೆ. ಅಲ್ಲಿ ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಆಮ್ಲಜನಕವನ್ನು ಪಡೆದ ರಕ್ತ ಎಡ ಪಂಪಿಗೆ ಬರುತ್ತದೆ. ಎಡ ಪಂಪು ಅದನ್ನು ಮಹಾಪಧಮನಿಯ ಮೂಲಕ ಇಡೀ ದೇಹಕ್ಕೆ ತಳ್ಳುತ್ತದೆ. ಮೊದಲನೆಯ ಸುತ್ತು ಗಿಡ್ಡದು, ಎರಡನೆಯದು ದೀರ್ಘವಾದುದು. ಆದ್ದರಿಂದಲೇ ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಬಹಳ ದಪ್ಪ. ಹೀಗೆ ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಈ ಜೋಡಿ ಪಂಪು ಕೆಲಸ ಮಾಡುತ್ತದೆ.

ಇಲ್ಲಿ ಒಂದು ಸಂದೇಹ ಬರಬಹುದು. ಹೃದಯ ಬಡಿದು, ಸಡಿಲಗೊಂಡು, ಮತ್ತೆ ಬಡಿಯುತ್ತದೆ. ಸಡಿಲಗೊಂಡ ಕ್ಷಣದಲ್ಲಿ ಅದು ರಕ್ತವನ್ನು ಹೊರದೂಡುವುದಿಲ್ಲ. ಹಾಗಿದ್ದರೆ ಆ ಕ್ಷಣದಲ್ಲಿ ಮಿದುಳಿಗೆ ರಕ್ತ ನಿಂತುಹೋಗಬೇಕಲ್ಲವೆ? ಉತ್ತರ ನಮ್ಮ ಕಟ್ಟಡಗಳ ತಾರಸಿಯ ಮೇಲಿದೆ. ನಗರಪಾಲಿಕೆಯ ನೀರು ನಿಗದಿಯಾದ ಹೊತ್ತಿನಲ್ಲಿ ಮಾತ್ರ ಬರುತ್ತದೆ. ಕೆಳಗಿನ ಪಂಪು ಕೆಲಕಾಲ ನಡೆದು ನಿಲ್ಲುತ್ತದೆ. ಆದರೂ ಮನೆಯ ನಲ್ಲಿಯಲ್ಲಿ ನೀರು ಬರುತ್ತಲೇ ಇರುವುದು ಮೇಲಿನ ತೊಟ್ಟಿಯ ದೆಸೆಯಿಂದ. ದೇಹದಲ್ಲಿ ಆ ತೊಟ್ಟಿಯ ಕೆಲಸವನ್ನು ಮಹಾಪಧಮನಿ ಮತ್ತು ಅದರ ದೊಡ್ಡ ಕವಲುಗಳು ಮಾಡುತ್ತವೆ. ಅವುಗಳ ಗೋಡೆ ರಬ್ಬರಿನಂತೆ ಹಿಗ್ಗುವಂಥದು. ಹೃದಯ ಬಡಿದಾಗ ಅವು ಹಿಗ್ಗಿ ರಕ್ತವನ್ನು ತುಂಬಿಕೊಳ್ಳುತ್ತವೆ; ಸಡಿಲಗೊಂಡಾಗ ತಾವೇ ಕುಗ್ಗಿ ಅದನ್ನು ಮುಂದೆ ತಳ್ಳುತ್ತವೆ. ವೈದ್ಯರು ಬರೆಯುವ ಎರಡು ಅಂಕಿಗಳ ಅರ್ಥವೂ ಇದೇ. ಹೃದಯ ಸಂಕುಚಿಸಿದಾಗ ಅಪಧಮನಿಯ ಒತ್ತಡ ಏರುವ ಮಟ್ಟ ಮೇಲಿನ ಅಂಕಿ. ಸಡಿಲಗೊಂಡಾಗ ಇಳಿಯುವ ಮಟ್ಟ ಕೆಳಗಿನ ಅಂಕಿ. 120/80 ಎಂದರೆ ಒತ್ತಡ 80ಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂದರ್ಥ. ಮಣಿಕಟ್ಟಿನಲ್ಲಿ ಸಿಗುವ ನಾಡಿ ಈ ಹಿಗ್ಗುವಿಕೆಯ ಅಲೆ. ರಕ್ತಕ್ಕಿಂತ ಅಲೆ ಬಹಳ ವೇಗವಾಗಿ ಸಾಗುತ್ತದೆ.

ವಯಸ್ಸಾದಂತೆ ಈ ಗೋಡೆಗಳು ಹಿಗ್ಗುವ ಗುಣವನ್ನು ಕಳೆದುಕೊಂಡು ಗಡುಸಾಗುತ್ತವೆ. ತೊಟ್ಟಿ ಕಿರಿದಾದರೆ ಪಂಪಿನ ಪೆಟ್ಟು ನೇರವಾಗಿ ಕೊಳವೆಗೆ ಬೀಳುವಂತೆ, ಹಿರಿಯರಲ್ಲಿ ಮೇಲಿನ ಅಂಕಿ ಏರುವುದಕ್ಕೆ ಇದೇ ಮುಖ್ಯ ಕಾರಣ.

ತೂಬು ಮತ್ತು ಗದ್ದೆ

ಅಪಧಮನಿಗಳು ಕವಲೊಡೆದು ಕಿರಿದಾಗುತ್ತ ಹೋಗುತ್ತವೆ. ಲೋಮನಾಳಗಳಿಗೆ ಸ್ವಲ್ಪ ಮೊದಲು ಬರುವ ಕಿರು ಅಪಧಮನಿಗಳ ಗೋಡೆಯಲ್ಲಿ ಸ್ನಾಯುವಿನ ಬಳೆಗಳಿವೆ. ನಮ್ಮ ಕಡೆ ಕೆರೆಯ ತೂಬನ್ನು ಎತ್ತಿ ಇಳಿಸಿ ಯಾವ ಕಾಲುವೆಗೆ ಎಷ್ಟು ನೀರು ಎಂದು ನಿರ್ಧರಿಸುವಂತೆ, ಈ ಬಳೆಗಳು ಬಿಗಿದು ಸಡಿಲಿಸಿ ಯಾವ ಅಂಗಕ್ಕೆ ಎಷ್ಟು ರಕ್ತ ಎಂದು ನಿರ್ಧರಿಸುತ್ತವೆ. ಊಟವಾದ ಮೇಲೆ ಕರುಳಿನ ತೂಬು ತೆರೆಯುತ್ತದೆ. ಮುಂಬಯಿಯ ಮೇ ತಿಂಗಳ ಸೆಕೆಯಲ್ಲಿ ಚರ್ಮದ ತೂಬು ತೆರೆದು ದೇಹದ ಶಾಖವನ್ನು ಹೊರಹಾಕುತ್ತದೆ. ರೈಲು ತಪ್ಪೀತೆಂದು ವಡಾಲಾ ರೋಡ್ ನಿಲ್ದಾಣದ ಸೇತುವೆಯ ಮೆಟ್ಟಿಲುಗಳನ್ನು ಓಡಿ ಹತ್ತುವಾಗ ಕಾಲಿನ ಸ್ನಾಯುಗಳ ತೂಬು ತೆರೆದು, ಕರುಳಿನದು ಬಿಗಿಯುತ್ತದೆ. ಆದರೆ ಮಿದುಳಿನ ಪಾಲನ್ನು ದೇಹ ಸುಲಭವಾಗಿ ಕಡಿತಗೊಳಿಸುವುದಿಲ್ಲ. ಮೂತ್ರಪಿಂಡಗಳೂ ಸಣ್ಣ ಅಂಗಗಳಾದರೂ ವಿಶ್ರಾಂತಿಯಲ್ಲಿ ಒಟ್ಟು ರಕ್ತಪ್ರವಾಹದ ಸುಮಾರು ಐದನೆಯ ಒಂದು ಪಾಲನ್ನು ಪಡೆಯುತ್ತವೆ. ರಕ್ತವನ್ನು ಶೋಧಿಸುವುದು ಅವುಗಳ ಹೊಣೆ.

ಈ ತೂಬುಗಳ ಶಕ್ತಿ ಎಷ್ಟೆಂಬುದನ್ನು ಫ್ರಾನ್ಸಿನ ವೈದ್ಯ ಪ್ವಾಸೂಯಿ 19ನೆಯ ಶತಮಾನದಲ್ಲಿ ಕಿರಿದಾದ ಗಾಜಿನ ಕೊಳವೆಗಳ ಪ್ರಯೋಗದಿಂದ ತೋರಿಸಿದನು. ಒತ್ತಡ ಒಂದೇ ಆಗಿದ್ದು ಕೊಳವೆಯ ಅಗಲ ಅರ್ಧಕ್ಕೆ ಇಳಿದರೆ, ಹರಿವು ಅರ್ಧವಾಗುವುದಿಲ್ಲ. ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಈ ನಿಯಮವನ್ನು ದಯವಿಟ್ಟು ನೆನಪಿಡಬೇಕು. ರಕ್ತನಾಳಗಳ ಅನೇಕ ರೋಗಗಳ ಗುಟ್ಟು ಇದರಲ್ಲಿಯೇ ಅಡಗಿದೆ.

ಕಾಲುವೆಯ ನೀರು ಗದ್ದೆಗೆ ಹರಡಿದಾಗ ನಿಧಾನವಾಗುವಂತೆ, ಲೋಮನಾಳಗಳನ್ನು ಸೇರಿದ ರಕ್ತವೂ ನಿಧಾನವಾಗುತ್ತದೆ. ಒಂದೊಂದು ಲೋಮನಾಳವೂ ಕೂದಲಿಗಿಂತ ಎಷ್ಟೋ ಪಾಲು ಸಣ್ಣದಾದರೂ ಎಲ್ಲವನ್ನೂ ಸೇರಿಸಿದರೆ ಅವುಗಳ ಒಟ್ಟು ಅಗಲ ಮಹಾಪಧಮನಿಗಿಂತ ನೂರಾರು ಪಟ್ಟು ಹೆಚ್ಚು. ಕೆಂಪು ಕಣಗಳು ಅಲ್ಲಿ ಒಂದರ ಹಿಂದೆ ಒಂದರಂತೆ, ಕೆಲವೆಡೆ ಮೈ ಮಡಚಿಕೊಂಡು ಸಾಗುತ್ತವೆ. ಗೋಡೆಯ ದಪ್ಪ ಒಂದೇ ಒಂದು ಜೀವಕೋಶದಷ್ಟು. ಆಮ್ಲಜನಕ, ಸಕ್ಕರೆ, ನೀರು ಅದರ ಮೂಲಕ ಹೊರಗೆ ಹೋಗುತ್ತವೆ. ತ್ಯಾಜ್ಯಗಳು ಒಳಗೆ ಬರುತ್ತವೆ. ಹೃದಯ, ಕವಾಟ, ಅಪಧಮನಿ ಎಲ್ಲವೂ ಇರುವುದು ಈ ಕೊಡುಕೊಳ್ಳುವಿಕೆಗಾಗಿ.

ಲೋಮನಾಳಗಳಿಂದ ದ್ರವವನ್ನು ಹೊರಕ್ಕೆ ತಳ್ಳುವುದು ರಕ್ತದ ಒತ್ತಡ. ಅದನ್ನು ಒಳಗೆ ಹಿಡಿದಿಡುವುದು ರಕ್ತದಲ್ಲಿ ಕರಗಿರುವ ಸಸಾರಜನಕ, ಅಂದರೆ ಪ್ರೋಟೀನು. ಮೂತ್ರಪಿಂಡದ ಕೆಲವು ರೋಗಗಳಲ್ಲಿ ಪ್ರೋಟೀನು ಸೋರಿಹೋಗುತ್ತದೆ. ತೀವ್ರವಾದ ಅಪೌಷ್ಟಿಕತೆಯಲ್ಲಿಯೂ ಯಕೃತ್ತಿನ ರೋಗದಲ್ಲಿಯೂ ಅದರ ಪ್ರಮಾಣ ತಗ್ಗುತ್ತದೆ. ಆಗ ಮುಖದಲ್ಲಿ, ಕಾಲಿನಲ್ಲಿ, ಹೊಟ್ಟೆಯಲ್ಲಿ ನೀರು ತುಂಬಿ ಬಾವು ಕಾಣಿಸಿಕೊಳ್ಳುತ್ತದೆ. ಇಂಥ ಬಾವನ್ನು ಕೇವಲ ಆಯಾಸವೆಂದು ಕಡೆಗಣಿಸಬಾರದು.

ಹಿಂದಿರುಗುವ ದಾರಿ

ತಾನ್ಸಾ ಜಲಾಶಯದಿಂದ 1892ರಿಂದ ಮುಂಬಯಿಗೆ ನೀರು ಬರುತ್ತಿದೆ. ಬಂದ ನೀರು ಬಳಕೆಯಾಗಿ ಚರಂಡಿ ಸೇರುತ್ತದೆಯೇ ಹೊರತು ತಾನ್ಸಾಕ್ಕೆ ಹಿಂದಿರುಗುವುದಿಲ್ಲ. ದೇಹದ ಜಾಲದ ವೈಶಿಷ್ಟ್ಯವೆಂದರೆ ರಕ್ತ ಹಿಂದಿರುಗಲೇಬೇಕು, ಅದೂ ಕಾಲಿನಿಂದ ಮೇಲ್ಮುಖವಾಗಿ, ಒತ್ತಡ ಬಹುಪಾಲು ಕರಗಿಹೋದ ಮೇಲೆ. ಯಾವ ಕ್ಷಣದಲ್ಲಿ ನೋಡಿದರೂ ದೇಹದ ರಕ್ತದ ಅರ್ಧಕ್ಕಿಂತ ಹೆಚ್ಚು ಭಾಗ ಅಭಿಧಮನಿಗಳಲ್ಲಿಯೇ ಇರುತ್ತದೆ. ಅದನ್ನು ಮೇಲೆತ್ತುವ ಕೆಲಸದಲ್ಲಿ ಮೀನಖಂಡದ ಸ್ನಾಯುಗಳು ದೊಡ್ಡ ಪಾಲು ಹೊರುತ್ತವೆ. ನಡೆಯುವಾಗ ಅವು ಬಿಗಿದು ಆಳದ ಅಭಿಧಮನಿಗಳನ್ನು ಹಿಂಡುತ್ತವೆ. ಕವಾಟಗಳು ರಕ್ತ ಕೆಳಗಿಳಿಯದಂತೆ ತಡೆಯುತ್ತವೆ.

ಮುಂಬಯಿಯ ಜೀವನದಲ್ಲಿ ನಿಲ್ಲುವುದು ಬಹಳ. ಲೋಕಲ್ ರೈಲಿನಲ್ಲಿ ನಿಲ್ಲುತ್ತೇವೆ, ಬಸ್ಸಿಗೆ ನಿಲ್ಲುತ್ತೇವೆ. ಹೋಟೆಲಿನ ಕಾರ್ಮಿಕರು, ಸಂಚಾರ ಪೊಲೀಸರು, ಅಡುಗೆಮನೆಯ ಗೃಹಿಣಿಯರು ಗಂಟೆಗಟ್ಟಲೆ ನಿಂತಿರುತ್ತಾರೆ. ಅಲುಗದೆ ನಿಂತಾಗ ಮೀನಖಂಡದ ಪಂಪು ನಿಶ್ಚಲವಾಗಿ ರಕ್ತ ಕಾಲಿನಲ್ಲಿ ಶೇಖರವಾಗುತ್ತದೆ. ಅದು ಹೆಚ್ಚಾದರೆ ಮಿದುಳಿಗೆ ಪಾಲು ಕಡಮೆಯಾಗಿ ತಲೆ ಸುತ್ತಿ ಬೀಳುವುದುಂಟು. ಹಾಗೆ ಬಿದ್ದವರನ್ನು ಎತ್ತಿ ಕೂರಿಸಬಾರದು. ಮಲಗಿಸಿದಾಗ ಕಾಲಿನ ರಕ್ತ ಏರು ಹತ್ತದೆ ಹೃದಯವನ್ನು ಸೇರುತ್ತದೆ. ವರ್ಷಗಟ್ಟಲೆ ನಿಲ್ಲುವವರಲ್ಲಿ, ಅದರಲ್ಲಿಯೂ ಇಂಥ ತೊಂದರೆ ವಂಶದಲ್ಲಿದ್ದವರಲ್ಲಿ, ಕವಾಟಗಳು ಸಡಿಲಗೊಂಡು ಕಾಲಿನ ಅಭಿಧಮನಿಗಳು ಉಬ್ಬಿ ಹಾವಿನಂತೆ ಸುರುಳಿಯಾಗುತ್ತವೆ. ನಿಂತಲ್ಲಿಯೇ ಹಿಮ್ಮಡಿಯನ್ನು ಎತ್ತಿ ಇಳಿಸುವುದು, ಆಗಾಗ ನಾಲ್ಕು ಹೆಜ್ಜೆ ನಡೆಯುವುದು, ರಾತ್ರಿ ಕಾಲನ್ನು ದಿಂಬಿನ ಮೇಲಿಡುವುದು ಉಪಯುಕ್ತ. ಒಂದೇ ಕಾಲು ಥಟ್ಟನೆ ಊದಿ ನೋಯತೊಡಗಿದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿರುವುದರಿಂದ ಅದನ್ನು ತಿಕ್ಕದೆ, ಅಂದೇ ವೈದ್ಯರಿಗೆ ತೋರಿಸಬೇಕು.

ರಕ್ತ ಮತ್ತು ಮುಂಬಯಿಯ ಹೆಸರು

ರಕ್ತ ಸುತ್ತುತ್ತದೆ ಎಂಬುದು ತಿಳಿದ ಮೇಲೆಯೇ ಒಬ್ಬರ ರಕ್ತವನ್ನು ಇನ್ನೊಬ್ಬರ ಅಭಿಧಮನಿಗೆ ಕೊಟ್ಟರೆ ಅದು ಇಡೀ ದೇಹವನ್ನು ತಲಪುತ್ತದೆ ಎಂಬ ಆಲೋಚನೆಗೆ ಆಧಾರ ದೊರೆಯಿತು. 1901ರಲ್ಲಿ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಗುರುತಿಸಿದ ಮೇಲೆ ಅದು ಸುರಕ್ಷಿತವಾಯಿತು. ಈ ಶಾಸ್ತ್ರದಲ್ಲಿ ನಮ್ಮ ನಗರದ ಹೆಸರೂ ಉಳಿದಿದೆ. ಇಲ್ಲಿಂದ ಬಹುದೂರವಲ್ಲದ ಪರೇಲಿನ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜು ಮತ್ತು ಕೆ.ಇ.ಎಂ. ಆಸ್ಪತ್ರೆಯ ಡಾ. ವೈ.ಎಂ. ಭೆಂಡೆ ಮತ್ತು ಸಹೋದ್ಯೋಗಿಗಳು 1952ರಲ್ಲಿ ವರದಿ ಮಾಡಿದ ಒಂದು ವಿರಳ ಗುಂಪನ್ನು ಪ್ರಪಂಚವೆಲ್ಲ 'ಬಾಂಬೆ ರಕ್ತಗುಂಪು' ಎಂದು ಕರೆಯುತ್ತದೆ. ಸಾಮಾನ್ಯ ಪರೀಕ್ಷೆಯಲ್ಲಿ ಇದು 'ಓ' ಗುಂಪಿನಂತೆ ಕಾಣುತ್ತದೆ. ಆದರೆ ಈ ಗುಂಪಿನವರಿಗೆ 'ಓ' ರಕ್ತವೂ ಒಗ್ಗುವುದಿಲ್ಲ. ಅದೇ ಗುಂಪಿನ ದಾನಿಯ ರಕ್ತವೇ ಬೇಕು. ರಕ್ತ ಕೊಡುವ ಮೊದಲು ಪ್ರತಿ ಬಾರಿಯೂ ದಾನಿಯ ಮತ್ತು ರೋಗಿಯ ರಕ್ತವನ್ನು ಒಟ್ಟಿಗೆ ಹೊಂದಿಸಿ ನೋಡುವುದು ಏಕೆ ಅನಿವಾರ್ಯವೆಂಬುದು ಇದರಿಂದ ಮನದಟ್ಟಾಗುತ್ತದೆ. ರಕ್ತದಾನದಲ್ಲಿ ಸಾಮಾನ್ಯವಾಗಿ ತೆಗೆಯುವುದು 350 ಮಿಲಿಲೀಟರ್. ಅದರ ದ್ರವಭಾಗ ಒಂದೆರಡು ದಿನಗಳಲ್ಲಿ, ಕಣಗಳು ಕೆಲವು ವಾರಗಳಲ್ಲಿ ಮರಳಿ ತುಂಬಿಕೊಳ್ಳುತ್ತವೆ. ಆರೋಗ್ಯವಂತರು ಅಂಜಬೇಕಾದ ಕಾರಣವಿಲ್ಲ.

ಸದ್ದಿಲ್ಲದ ಶತ್ರು

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ವಯಸ್ಕರಲ್ಲಿ ಶೇಕಡ 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಅಂದರೆ ಸರಿಸುಮಾರು ಮೂವರಲ್ಲಿ ಒಬ್ಬರು. ಈ ಸಭೆಯಲ್ಲಿಯೂ ಇಂಥವರಿದ್ದೇ ಇರುತ್ತಾರೆ. ಅವರಲ್ಲಿ ಕೆಲವರಿಗೆ ಅದು ತಿಳಿದಿರಲಾರದು. ಏಕೆಂದರೆ ಅಧಿಕ ಒತ್ತಡಕ್ಕೆ ಸಾಮಾನ್ಯವಾಗಿ ನೋವಿಲ್ಲ, ಲಕ್ಷಣವಿಲ್ಲ.

ಒತ್ತಡ ಬಹುಕಾಲ 140/90ರ ಮೇಲೆ ನಿಂತರೆ ನಾಳಗಳ ನುಣುಪಾದ ಒಳಪದರ ಗಾಯಗೊಳ್ಳುತ್ತದೆ. ಸಕ್ಕರೆ ಕಾಯಿಲೆಯೂ ಹೊಗೆಸೊಪ್ಪೂ ಅದೇ ಹಾನಿಯನ್ನು ಮಾಡುತ್ತವೆ. ಗಾಯಗೊಂಡ ಕಡೆಯಲ್ಲಿ ಕೊಬ್ಬು ಸೇರಿ ದಡಿ ಕಟ್ಟುತ್ತದೆ. ನಾಳದ ಅಗಲ ಕಿರಿದಾದಂತೆ ಪ್ವಾಸೂಯಿಯ ನಿಯಮ ಜಾರಿಗೆ ಬರುತ್ತದೆ. ಒಂದು ದಿನ ಆ ದಡಿ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ನಾಳ ಥಟ್ಟನೆ ಮುಚ್ಚಿಹೋಗಬಹುದು. ಹೃದಯ ತನ್ನೊಳಗೆ ಹರಿಯುವ ರಕ್ತದಿಂದ ತನ್ನ ಪೋಷಣೆಯನ್ನು ಪಡೆಯುವುದಿಲ್ಲ. ಮಹಾಪಧಮನಿಯ ಬುಡದಿಂದ ಹೊರಡುವ ಎರಡು ಸಣ್ಣ ಪರಿಧಮನಿಗಳೇ ಅದಕ್ಕೆ ಆಧಾರ. ಅವುಗಳಲ್ಲಿ ಒಂದು ಮುಚ್ಚಿದರೆ ಹೃದಯಾಘಾತ. ಮಿದುಳಿನ ನಾಳ ಮುಚ್ಚಿದರೆ ಅಥವಾ ಒಡೆದರೆ ಪಾರ್ಶ್ವವಾಯು. ಮೂತ್ರಪಿಂಡದ ಸೂಕ್ಷ್ಮನಾಳಗಳು ಕೆಟ್ಟರೆ ಶೋಧನೆ ನಿಲ್ಲುತ್ತದೆ.

ಮಾತ್ರೆ ತೆಗೆದುಕೊಂಡು ಅಂಕಿ 120ಕ್ಕೆ ಬಂದೊಡನೆ 'ಬಿಪಿ ವಾಸಿಯಾಯಿತು' ಎಂದು ಮಾತ್ರೆ ಬಿಡುವವರು ಬಹಳ. ಅಂಕಿ ಇಳಿದಿರುವುದು ಮಾತ್ರೆಯಿಂದ. ಕೆಲವು ಮಾತ್ರೆಗಳು ಆ ಕಿರು ಅಪಧಮನಿಗಳ ಬಳೆಗಳನ್ನು ಸಡಿಲಿಸುತ್ತವೆ, ಕೆಲವು ಹೆಚ್ಚಿನ ಉಪ್ಪು ನೀರನ್ನು ಹೊರಹಾಕುತ್ತವೆ. ನಿಲ್ಲಿಸಿದರೆ ಬಳೆ ಮತ್ತೆ ಬಿಗಿಯುತ್ತದೆ. ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬಾರದು. ಉಪ್ಪು ದಿನಕ್ಕೆ 5 ಗ್ರಾಮಿಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ, ಕಡಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರಿಗೆ ಹಾಕುವ ಉಪ್ಪನ್ನಷ್ಟೇ ಎಣಿಸಿದರೆ ಸಾಲದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಫರಸಾಣ, ವಡಾಪಾವ್ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ.

ತುರ್ತು ಸಮಯದಲ್ಲಿ

ಎದೆಯ ನಡುವೆ ಭಾರ ಅಥವಾ ಬಿಗಿತ, ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಏದುಸಿರು ಇವು ಹೃದಯಾಘಾತದ ಲಕ್ಷಣಗಳು. ಮಹಿಳೆಯರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ಎದೆನೋವಿಲ್ಲದೆ ಬರಿಯ ಸುಸ್ತು, ಏದುಸಿರು, ವಾಕರಿಕೆ ಇರಬಹುದು. 'ಗ್ಯಾಸ್ ಇರಬೇಕು, ಬೆಳಗಾಗಲಿ' ಎಂದು ಸೋಡಾ ಕುಡಿದು ಮಲಗುವುದರಿಂದ ಕಳೆದುಹೋಗುವ ಹೊತ್ತಿನಲ್ಲಿ ರಕ್ತವಿಲ್ಲದ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಸತ್ತ ಸ್ನಾಯು ಮರಳಿ ಬೆಳೆಯುವುದಿಲ್ಲ. ರೋಗಿಯನ್ನು ಮೆಟ್ಟಿಲು ಇಳಿಸಿ ನಡೆಸಬೇಡಿ, ಕುರ್ಚಿಯಲ್ಲಿ ಎತ್ತಿಕೊಂಡು ಬನ್ನಿ. 108ಕ್ಕೆ ದೂರವಾಣಿ ಮಾಡಿ.

ಮುಖ ಒಂದು ಕಡೆಗೆ ವಾಲುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದ್ದರಿಂದ ಲಕ್ಷಣ ಕಂಡ ಗಳಿಗೆಯನ್ನು ಗುರುತಿಟ್ಟುಕೊಂಡು, ಕೂಡಲೆ ಸ್ಕ್ಯಾನ್ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ವ್ಯಕ್ತಿ ಕುಸಿದು ಬಿದ್ದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ ಹೃದಯ ನಿಂತಿರಬಹುದು. ಹೃದಯ ನಿಂತ ಹತ್ತು ಹದಿನೈದು ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ನಾಲ್ಕೈದು ನಿಮಿಷಗಳಲ್ಲಿ ಮಿದುಳಿಗೆ ಹಾನಿ ಆರಂಭವಾಗುತ್ತದೆ. ಆಗ ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಎರಡು ಹಸ್ತಗಳನ್ನು ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ, ಬಿಡದೆ ಒತ್ತಬೇಕು. ಒತ್ತಿದಾಗ ಎದೆಗೂಡು ಹೃದಯವನ್ನು ಹಿಂಡುತ್ತದೆ, ಬಿಟ್ಟಾಗ ಅದು ತುಂಬಿಕೊಳ್ಳುತ್ತದೆ, ಕವಾಟಗಳು ದಿಕ್ಕನ್ನು ಕಾಯುತ್ತವೆ. ನಿಂತುಹೋದ ಪಂಪಿನ ಕೆಲಸವನ್ನು ನೆರವು ಬರುವ ತನಕ ನಮ್ಮ ಎರಡು ಕೈಗಳು ಮಾಡುತ್ತವೆ. ಇದನ್ನು ಪ್ರತಿ ಮನೆಯಲ್ಲಿ ಒಬ್ಬರಾದರೂ ತರಬೇತಿ ಪಡೆದು ಕಲಿತಿರಬೇಕು.

ಮೂವತ್ತು ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಬೇಕು. ಹೊಗೆಸೊಪ್ಪನ್ನು ಯಾವ ರೂಪದಲ್ಲಿಯೂ ಮುಟ್ಟಬಾರದು. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ಪರೀಕ್ಷೆಗೆ ಹಿಡಿಯುವುದು ಐದು ನಿಮಿಷ. ಚೀಟಿಯಲ್ಲಿ ಬರೆದುಕೊಡುವ ಆ ಎರಡು ಅಂಕಿಗಳನ್ನು ಜೋಪಾನವಾಗಿಟ್ಟುಕೊಂಡು, ಮುಂದಿನ ಬಾರಿಯ ಅಂಕಿಗಳೊಡನೆ ಹೋಲಿಸಿ ನೋಡಬೇಕೆಂದು ತಮ್ಮೆಲ್ಲರಲ್ಲಿ ವಿನಂತಿಸಿಕೊಳ್ಳುತ್ತೇನೆ.